ಅಮೆರಿಕದಲ್ಲಿ ಸಿಎನ್‌ಎ ಆಗುವುದು ಹೇಗೆ?

ಅಮೆರಿಕದ ನರ್ಸಿಂಗ್ ಹೋಮ್ ಅಂದರೆ ವಯಸ್ಸಾದವರು, ವಾಸಿಯಾಗದ ಕಾಯಿಲೆ ಇರುವವರು ವರ್ಷಗಟ್ಟಲೆ ವಾಸ ಮಾಡುವ ಜಾಗ. ಅಲ್ಲಿ ಅವರನ್ನು ಬೆಳಗ್ಗೆ ಎಬ್ಬಿಸಿ, ಮುಖ ತೊಳೆಸಿ, ಬಟ್ಟೆ ತೊಡಿಸಿ, ತಿಂಡಿ ತಿನ್ನಿಸಿ, ಬಾತ್‌ರೂಮಿಗೆ ಕರೆದುಕೊಂಡು ಹೋಗುವವರು ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್‌ಗಳು. ಎಲ್ಲರ ಬಾಯಲ್ಲೂ ಸಿಎನ್‌ಎ. ಡಾಕ್ಟರು ಆಗೀಗ ಬಂದು ನೋಡಿ ಹೋಗುತ್ತಾರೆ. ನರ್ಸ್ ಮಾತ್ರೆ ಕೊಟ್ಟು ಮುಂದಿನ ರೂಮಿಗೆ ನಡೆಯುತ್ತಾರೆ. ದಿನವಿಡೀ ಕೈಗೆ ಸಿಗುವವರು ಸಿಎನ್‌ಎ ಒಬ್ಬರೇ. ಇಂಥ ಕೆಲಸಕ್ಕೆ ತರಬೇತಿ ಕಟ್ಟುನಿಟ್ಟಾಗಿಯೇ ಇರಬೇಕು, ಅಲ್ವಾ?

ಸಂಗಾತಿಯ ಕೆಲಸದ ಮೇಲೆ ಅಮೆರಿಕಕ್ಕೆ ಹೋದ ಕನ್ನಡಿಗರಿಗೆ ಈ ದಾರಿ ಉಪಯೋಗಕ್ಕೆ ಬರುತ್ತದೆ. ಕರ್ನಾಟಕದಲ್ಲಿ ನರ್ಸಿಂಗ್ ಓದಿ ಅಲ್ಲಿನ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್‌ಗೆ ತಯಾರಿ ನಡೆಸುತ್ತಿರುವವರಿಗೂ ಅಷ್ಟೇ.

ಮೊದಲು ಕಾಗದಪತ್ರ

ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾ ಇರುವವರ ಸಂಗಾತಿಗೆ ಸಿಗುವ ವೀಸಾದಲ್ಲಿ, ಇದ್ದರೆ ಕೋರ್ಸ್‌ಗೆ ಸೇರಬಹುದು. ಆದರೆ ಸಂಬಳದ ಕೆಲಸಕ್ಕೆ ಇಎಡಿ, ಅಂದರೆ ಕೆಲಸದ ಪರವಾನಗಿ, ಬೇಕೇ ಬೇಕು. ಇದನ್ನು ಖಚಿತ ಮಾಡಿಕೊಳ್ಳದೆ ಫೀಸ್ ಕಟ್ಟಬೇಡಿ. ಹಿನ್ನೆಲೆ ತಪಾಸಣೆ, ಟಿಬಿ ಪರೀಕ್ಷೆ ಸಾಮಾನ್ಯವಾಗಿ ಇರುತ್ತವೆ. ಬೆರಳಚ್ಚನ್ನೂ ಹಲವು ಕಡೆ ಕೇಳುತ್ತಾರೆ. ಲಸಿಕೆ ಹಾಕಿಸಿದ ದಾಖಲೆ ಊರಿನಲ್ಲೇ ಉಳಿದಿದ್ದರೆ ಈಗಲೇ ತರಿಸಿಕೊಳ್ಳಿ.

ಎಷ್ಟು ಗಂಟೆಯ ತರಬೇತಿ?

1986ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಕೊಟ್ಟಿತು. ಎಷ್ಟೋ ನರ್ಸಿಂಗ್ ಹೋಮ್‌ಗಳಲ್ಲಿ ಆರೈಕೆಯ ಗುಣಮಟ್ಟ ಕೆಟ್ಟಿದೆ ಅಂತ ಅದು ಎತ್ತಿ ತೋರಿಸಿತು. ಮರುವರ್ಷ, 1987ರಲ್ಲಿ, ನರ್ಸಿಂಗ್ ಹೋಮ್ ಸುಧಾರಣಾ ಕಾಯ್ದೆ ಬಂತು. ಇವತ್ತಿನ ಸಿಎನ್‌ಎ ನಿಯಮಗಳ ಬೇರು ಅಲ್ಲಿದೆ.

ಅಮೆರಿಕದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಕನಿಷ್ಠ 75 ಗಂಟೆ ತರಬೇತಿ ಆಗಬೇಕು. ಅದರಲ್ಲಿ ಕನಿಷ್ಠ 16 ಗಂಟೆ ನರ್ಸ್ ಒಬ್ಬರ ಮೇಲ್ವಿಚಾರಣೆಯಲ್ಲಿ ಕೈಯಾರೆ ಕೆಲಸ ಕಲಿಯಬೇಕು. ರಾಜ್ಯಗಳು ಇದಕ್ಕಿಂತ ಜಾಸ್ತಿ ಕೇಳಬಹುದು, ಎಷ್ಟೋ ರಾಜ್ಯಗಳು ಕೇಳುತ್ತವೆ ಕೂಡ. ಟೆಕ್ಸಾಸ್‌ನಲ್ಲಿ 100 ಗಂಟೆ. ಕ್ಯಾಲಿಫೋರ್ನಿಯಾದಲ್ಲಿ 160, ಅದರಲ್ಲಿ 100 ಗಂಟೆ ಕ್ಲಿನಿಕಲ್, ಅಂದರೆ ಕೈಯಾರೆ ಮಾಡಿ ಕಲಿಯುವುದು. ಹಾಗಾಗಿ ಟೆಕ್ಸಾಸ್‌ನಲ್ಲಿರುವ ಗೆಳತಿ ಹೇಳಿದ ಲೆಕ್ಕ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ನಿಮಗೆ ಹೊಂದುವುದಿಲ್ಲ. ನಿಮ್ಮ ರಾಜ್ಯದ ನರ್ಸಿಂಗ್ ಬೋರ್ಡ್ ಅಥವಾ ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ಹೆಸರಿರುವ ಕೋರ್ಸ್‌ಗೇ ಸೇರಿ. ‘ಪೂರ್ತಿ ಆನ್‌ಲೈನ್, ಮನೆಯಲ್ಲೇ ಸರ್ಟಿಫಿಕೇಟ್’ ಅನ್ನುವ ಜಾಹೀರಾತು ಕಂಡರೆ ದೂರ ಇರಿ. ಪಾಠ ಆನ್‌ಲೈನ್‌ನಲ್ಲಿ ಕೇಳಬಹುದು, ಆದರೆ ಒಬ್ಬರನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುವುದನ್ನು ಪರದೆ ನೋಡಿ ಕಲಿಯಲು ಆಗುವುದಿಲ್ಲ.

ಫೀಸ್ ವಿಷಯ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಮೆಡಿಕೇರ್ ಅಥವಾ ಮೆಡಿಕೇಡ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಯೋಜನೆಗಳು) ಹಣ ಪಡೆಯುವ ನರ್ಸಿಂಗ್ ಹೋಮ್ ನಿಮಗೆ ಮೊದಲೇ ಕೆಲಸ ಕೊಟ್ಟು ತರಬೇತಿಗೆ ಹಾಕಿದರೆ ನಿಮ್ಮಿಂದ ಫೀಸ್ ತೆಗೆದುಕೊಳ್ಳುವಂತಿಲ್ಲ. ನೀವೇ ಹಣ ಕಟ್ಟಿ ಓದಿ, ಮುಗಿಸಿದ 12 ತಿಂಗಳೊಳಗೆ ಇಂಥ ಕಡೆ ಕೆಲಸಕ್ಕೆ ಸೇರಿದರೆ, ಕಟ್ಟಿದ್ದನ್ನು ವಾಪಸ್ ಪಡೆಯುವ ವ್ಯವಸ್ಥೆ ರಾಜ್ಯ ಮಾಡಿರಬೇಕು. ರಸೀದಿ ಎಸೆಯಬೇಡಿ, ಇಂಟರ್‌ವ್ಯೂನಲ್ಲಿ ಕೇಳಲು ನಾಚಿಕೆಯೂ ಬೇಡ.

ಮುಟ್ಟುವ ಮುಂಚಿನ 16 ಗಂಟೆ

ನರ್ಸಿಂಗ್ ಹೋಮ್‌ನಲ್ಲಿ ವಾಸವಿರುವ ಯಾರನ್ನಾದರೂ ಮುಟ್ಟುವ ಮೊದಲು ಕನಿಷ್ಠ 16 ಗಂಟೆ ಪಾಠ ಆಗಿರಲೇಬೇಕು (ಮೇಲೆ ಹೇಳಿದ, ಕೈಯಾರೆ ಕಲಿಯುವ 16 ಗಂಟೆ ಬೇರೆ). ವಿಷಯಗಳು ಐದು: ಮಾತುಕತೆ, ಸೋಂಕು ತಡೆಯುವುದು, ಸುರಕ್ಷತೆ ಮತ್ತು ತುರ್ತು ಸಂದರ್ಭ, ಅವರ ಹಕ್ಕುಗಳು, ಅವರ ಸ್ವಾವಲಂಬನೆ.

ನಮ್ಮವರಿಗೆ ಕಷ್ಟವಾಗುವುದು ಕೊನೆಯದು. ಮನೆಯಲ್ಲಿ ಅಜ್ಜಿಗೆ ಹುಷಾರಿಲ್ಲ ಅಂದರೆ ನಾವು ಏನು ಮಾಡುತ್ತೇವೆ? ‘ನೀವು ಸುಮ್ನೆ ಕೂತ್ಕೊಳ್ಳಿ’ ಅಂತ ಎಲ್ಲವನ್ನೂ ನಾವೇ ಮಾಡಿಬಿಡುತ್ತೇವೆ. ಪ್ರೀತಿಯೇ ಅದು, ಅನುಮಾನವಿಲ್ಲ. ಆದರೆ ಸಿಎನ್‌ಎ ತರಬೇತಿ ಹೇಳುವುದು ಬೇರೆ. ಅವರ ಕೈಲಿ ಆಗುವುದನ್ನು ಅವರೇ ಮಾಡಲಿ. ಮುಖ ಒರೆಸಿಕೊಳ್ಳಲು ಹತ್ತು ನಿಮಿಷ ಹಿಡಿದರೂ ಪರವಾಗಿಲ್ಲ, ಬಟ್ಟೆ ಅವರ ಕೈಗೆ ಕೊಡಿ. ಬಳಸದ ಕೈಕಾಲು ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಈ ತಾಳ್ಮೆ ಬಂದವರಿಗೆ ಉಳಿದದ್ದೆಲ್ಲ ಸಲೀಸು.

ಊಟ ಮಾಡಿಸುವುದನ್ನೇ ನೋಡಿ. ಮೊದಲು ತಟ್ಟೆ ಅವರದೇ ಹೌದಾ ಅಂತ ಹೆಸರು ನೋಡಬೇಕು. ಅವರು ನೆಟ್ಟಗೆ ಕೂತಿರಬೇಕು, ಒರಗಿಕೊಂಡು ಉಂಡರೆ ನೆತ್ತಿಗೆ ಹತ್ತುವ ಅಪಾಯ ಇದೆ. ಅವರ ಕೈ ಒರೆಸಿ, ನೀವು ಎದುರಿಗೆ ಕೂರಬೇಕು, ನಿಂತುಕೊಂಡು ತಿನ್ನಿಸುವಂತಿಲ್ಲ. ತಟ್ಟೆಯಲ್ಲಿ ಏನೇನಿದೆ ಅಂತ ಹೇಳಿ, ಯಾವುದು ಮೊದಲು ಬೇಕು ಅಂತ ಕೇಳಬೇಕು. ಒಂದು ಚಮಚ ಕೊಟ್ಟ ಮೇಲೆ ಬಾಯಿ ಖಾಲಿಯಾಯಿತಾ ನೋಡಿ ಇನ್ನೊಂದು. ನಡುನಡುವೆ ಕುಡಿಯಲು ಕೊಡಬೇಕು. ಕೊನೆಗೆ ಬಾಯಿ, ಕೈ ಒರೆಸಬೇಕು. ಪರೀಕ್ಷೆಯಲ್ಲೂ ಇದನ್ನೇ ನೋಡುತ್ತಾರೆ.

ಕ್ಲಿನಿಕಲ್ ದಿನಗಳು

ಕಲಿತು, ಟೀಚರ್ ‘ಸರಿ’ ಅಂದ ಕೆಲಸವನ್ನು ಮಾತ್ರ ಮಾಡಬೇಕು. ಗೊತ್ತಿಲ್ಲದ್ದನ್ನು ಯಾರಾದರೂ ಅವಸರದಲ್ಲಿ ಮಾಡು ಅಂದರೆ, ‘ಇನ್ನೂ ಕಲಿತಿಲ್ಲ’ ಅನ್ನುವ ಹಕ್ಕು ನಿಮಗಿದೆ. ಬಟ್ಟೆ ತೊಡಿಸುವಾಗ ಲಕ್ವಾ ಹೊಡೆದ ಕೈ ಮೊದಲು ತೋಳಿನೊಳಗೆ ಹೋಗಬೇಕು, ಬಿಚ್ಚುವಾಗ ಗಟ್ಟಿ ಇರುವ ಕೈ ಮೊದಲು ಹೊರಗೆ ಬರಬೇಕು. ವೀಲ್‌ಚೇರ್‌ಗೆ ಕೂರಿಸುವ ಮುಂಚೆ ಎರಡೂ ಚಕ್ರಕ್ಕೆ ಲಾಕ್, ಕಾಲಿಗೆ ಜಾರದ ಚಪ್ಪಲಿ, ಸೊಂಟಕ್ಕೆ ಬೆಲ್ಟ್. ಆಮೇಲೆ ಒಂದು, ಎರಡು, ಮೂರು ಎಣಿಸಿ ಇಬ್ಬರೂ ಒಟ್ಟಿಗೆ ಏಳುವುದು. ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಅವರ ಭುಜಕ್ಕೂ ಪೆಟ್ಟು, ನಿಮ್ಮ ಬೆನ್ನಿಗೂ ಪೆಟ್ಟು.

ಕರ್ನಾಟಕದಲ್ಲಿ ನರ್ಸಿಂಗ್ ಓದಿ ಹೋದವರಿಗೆ ಒಂದು ಮಾತು. ಇಂಜೆಕ್ಷನ್ ಕೊಡುವುದು ನಿಮಗೆ ನೀರು ಕುಡಿದಷ್ಟು ಸುಲಭ ಇರಬಹುದು. ಸಿಎನ್‌ಎ ಆಗಿ ನಿಂತಾಗ ಅದನ್ನು ಮುಟ್ಟಬಾರದು. ಮಾತ್ರೆಯೂ ನಿಮ್ಮ ಕೆಲಸವಲ್ಲ, ಅದಕ್ಕೆ ಹಲವು ರಾಜ್ಯಗಳಲ್ಲಿ ಬೇರೆ ತರಬೇತಿ ಇದೆ. ನಿಮ್ಮ ಅನುಭವ ಬೇರೆ ಕಡೆ ಕೆಲಸಕ್ಕೆ ಬರುತ್ತದೆ. ಬೆನ್ನ ಕೆಳಗೆ ಚರ್ಮ ಕೆಂಪಾಗಿರುವುದು, ನಿನ್ನೆಗಿಂತ ಮಾತು ತೊದಲುತ್ತಿರುವುದು ನಿಮ್ಮ ಕಣ್ಣಿಗೆ ಮೊದಲು ಬೀಳುತ್ತದೆ. ತಕ್ಷಣ ನರ್ಸ್‌ಗೆ ಹೇಳಿ.

ಪರೀಕ್ಷೆ

ಎರಡು ಭಾಗ. ಒಂದು ಬರವಣಿಗೆಯದು. ಓದಲು ಕಷ್ಟವಾದರೆ ಪ್ರಶ್ನೆಗಳನ್ನು ಕೇಳಿಸಿಕೊಂಡು ಉತ್ತರಿಸುವ ಅವಕಾಶವೂ ಇದೆ. ಇನ್ನೊಂದು ಮಾಡಿ ತೋರಿಸುವುದು. ಹಲವು ರಾಜ್ಯಗಳು ಬಳಸುವ ಎನ್‌ಎನ್‌ಎಎಪಿ ಪರೀಕ್ಷೆಯಲ್ಲಿ 70 ಪ್ರಶ್ನೆ, ಐದು ಕೆಲಸ. ಯಾವ ಐದು ಅಂತ ಮೊದಲೇ ಹೇಳುವುದಿಲ್ಲ, ಆದರೆ ಕೈ ತೊಳೆಯುವುದು ಇದ್ದೇ ಇರುತ್ತದೆ.

ಕೈ ತೊಳೆಯುವುದರಲ್ಲಿ ಏನಿದೆ ಅಂತ ಅಸಡ್ಡೆ ಮಾಡಬೇಡಿ. ಬೆರಳ ತುದಿ ಕೆಳಮುಖವಾಗಿರಬೇಕು. ಸೋಪಿನಲ್ಲಿ ಕನಿಷ್ಠ 20 ಸೆಕೆಂಡ್ ಉಜ್ಜಬೇಕು, ಉಗುರನ್ನು ಅಂಗೈಗೆ ತಿಕ್ಕಬೇಕು. ಸಿಂಕ್‌ನ ಒಳಭಾಗ ತಾಗಬಾರದು. ನಲ್ಲಿಯನ್ನು ಒಣ ಪೇಪರ್ ಟವಲ್‌ನಿಂದ ನಿಲ್ಲಿಸಬೇಕು. ಬರಿಗೈಯಲ್ಲಿ ತಿರುಗಿಸಿದರೆ ತೊಳೆದದ್ದೆಲ್ಲ ವ್ಯರ್ಥ.

ನಾಡಿ ಎಣಿಸುವಾಗ ಪೂರ್ತಿ ಒಂದು ನಿಮಿಷ ಎಣಿಸಿ. ನಿಮ್ಮ ಲೆಕ್ಕ ಪರೀಕ್ಷಕರ ಲೆಕ್ಕಕ್ಕಿಂತ ನಾಲ್ಕರಷ್ಟು ಆಚೀಚೆ ಆದರೆ ನಡೆಯುತ್ತದೆ, ಉಸಿರಿನ ಎಣಿಕೆಯಲ್ಲಿ ಎರಡಷ್ಟೇ. ಸೆಕೆಂಡ್ ಮುಳ್ಳು ಇರುವ ವಾಚ್ ಕಟ್ಟಿಕೊಂಡು ಹೋಗಿ. ನಡುವೆ ಏನಾದರೂ ತಪ್ಪಿತು ಅನ್ನಿಸಿದರೆ ಗಾಬರಿ ಬೇಡ. ‘ಇದನ್ನು ಸರಿಪಡಿಸುತ್ತೇನೆ’ ಅಂತ ಪರೀಕ್ಷಕರಿಗೆ ಹೇಳಿ ಮತ್ತೆ ಮಾಡಿ ತೋರಿಸಬಹುದು. ಆದರೆ ಹಂತಗಳ ಕ್ರಮವೇ ಮುಖ್ಯವಾದ ಕಡೆ ಈ ರಿಯಾಯಿತಿ ಇಲ್ಲ.

ಇನ್ನು ಮರೆತುಹೋಗುವ ಸಣ್ಣ ಕೆಲಸಗಳು: ಶುರು ಮಾಡುವ ಮುಂಚೆ ಹೆಸರು ಹಿಡಿದು ಮಾತಾಡಿಸಿ ಏನು ಮಾಡುತ್ತೀರಿ ಅಂತ ಹೇಳುವುದು, ಪರದೆ ಎಳೆಯುವುದು, ಮುಗಿದ ಮೇಲೆ ಹಾಸಿಗೆ ತಗ್ಗಿಸಿ ಬೆಲ್ ಅವರ ಕೈಗೆಟುಕುವಂತೆ ಇಡುವುದು. ಅಭ್ಯಾಸಕ್ಕೆ ಮನೆಯವರನ್ನೇ ಮಲಗಿಸಿಕೊಳ್ಳಿ. ಮಾತೂ ಸೇರಿಸಿ ಅಭ್ಯಾಸ ಮಾಡಿ, ಇಂಗ್ಲಿಷ್‌ನಲ್ಲೇ. ಫೇಲ್ ಆದರೂ ಕನಿಷ್ಠ ಮೂರು ಅವಕಾಶ ಕೊಡಲೇಬೇಕು ಅನ್ನುವುದು ನಿಯಮ.

ಪಾಸಾದ ಮೇಲೆ

ರಾಜ್ಯದ ರಿಜಿಸ್ಟ್ರಿಯಲ್ಲಿ, ಅಂದರೆ ಸಿಎನ್‌ಎಗಳ ಅಧಿಕೃತ ಪಟ್ಟಿಯಲ್ಲಿ, ನಿಮ್ಮ ಹೆಸರು ಸೇರುತ್ತದೆ. ಕೆಲಸ ಕೊಡುವವರು ಮೊದಲು ನೋಡುವುದು ಅದನ್ನೇ. ಹಿರಿಯರಿಗೆ ಹಿಂಸೆ ಕೊಟ್ಟದ್ದು, ಅವರ ಹಣ ಕದ್ದದ್ದು ಸಾಬೀತಾದರೆ ಅದೂ ಅಲ್ಲೇ ದಾಖಲಾಗುತ್ತದೆ. ಕೆಲಸದಲ್ಲಿರುವವರಿಗೆ ವರ್ಷಕ್ಕೆ ಕನಿಷ್ಠ 12 ಗಂಟೆ ತರಬೇತಿ ಮುಂದುವರಿಯಬೇಕು. ಸತತ 24 ತಿಂಗಳು ಸಂಬಳದ ಮೇಲೆ ಈ ಕೆಲಸ ಮಾಡದಿದ್ದರೆ ತರಬೇತಿಯೋ ಪರೀಕ್ಷೆಯೋ ಮತ್ತೆ ಆಗಬೇಕಾಗುತ್ತದೆ. ಬಾಣಂತನಕ್ಕೋ ಅಪ್ಪ ಅಮ್ಮನನ್ನು ನೋಡಿಕೊಳ್ಳಲೋ ಊರಿಗೆ ಬಂದು ಹೆಚ್ಚು ದಿನ ಉಳಿಯುವವರು ಈ ತಾರೀಕು ಬರೆದಿಟ್ಟುಕೊಳ್ಳಿ. ಬೇರೆ ರಾಜ್ಯಕ್ಕೆ ಮನೆ ಬದಲಿಸುವವರು ಹೊರಡುವ ಮುಂಚೆಯೇ ಹೊಸ ರಾಜ್ಯದ ರಿಜಿಸ್ಟ್ರಿಗೆ ಅರ್ಜಿ ಹಾಕುವುದು ಒಳ್ಳೆಯದು.