ಸಿಂಗಲ್ ಫೇಸ್ ಮನೆಯಲ್ಲಿ ತ್ರೀ ಫೇಸ್ ಲೇತ್ ಓಡಿಸುವುದು

ಮೊದಲು ಮೋಟಾರಿನ ನೇಮ್‌ಪ್ಲೇಟ್ ಓದಿ. 230/400 ವೋಲ್ಟ್, Δ/Y (ಡೆಲ್ಟಾದಲ್ಲಿ 230, ಸ್ಟಾರ್‌ನಲ್ಲಿ 400) ಎಂದಿದ್ದರೆ ಕೆಲಸ ಸುಲಭ. 400/690 ಎಂದಿದ್ದರೆ ಸಾಮಾನ್ಯ 230 ವೋಲ್ಟ್ ವಿಎಫ್‌ಡಿ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್) ಸಾಲದು. ಮೋಟಾರ್ ತಿರುಗಿದರೂ ಬಲವಿರುವುದಿಲ್ಲ.

ಟರ್ಮಿನಲ್ ಬಾಕ್ಸ್ ತೆರೆದರೆ ಮೂರು ಸ್ಟಡ್‌ಗಳ ಎರಡು ಸಾಲು ಕಾಣುತ್ತವೆ. ಸ್ಟಾರ್‌ನಲ್ಲಿ ಹಿತ್ತಾಳೆ ಪಟ್ಟಿಗಳು ಒಂದು ಸಾಲಿನ ಮೂರನ್ನೂ ಅಡ್ಡವಾಗಿ ಜೋಡಿಸಿರುತ್ತವೆ. ಅವನ್ನು ಬಿಚ್ಚಿ ಮೂರು ಪಟ್ಟಿಗಳನ್ನೂ ಲಂಬವಾಗಿ ಹಾಕಿ, ಅದೇ ಡೆಲ್ಟಾ.

ಸಿಂಗಲ್ ಫೇಸ್ ಇನ್‌ಪುಟ್‌ನ ವಿಎಫ್‌ಡಿಯನ್ನೇ ಕೊಳ್ಳಿ. ಇವು ಸಾಮಾನ್ಯವಾಗಿ 2.2 ಕಿಲೋವ್ಯಾಟ್‌ವರೆಗೆ ಸಿಗುತ್ತವೆ. ಆರಿಸುವಾಗ ಎಚ್‌ಪಿಗಿಂತ ಡೆಲ್ಟಾ ಆಂಪಿಯರ್ ಮುಖ್ಯ. ಮೋಟಾರನ್ನು ನೇರವಾಗಿ ಡ್ರೈವ್‌ನ ಔಟ್‌ಪುಟ್ ಟರ್ಮಿನಲ್‌ಗಳಾದ ಯು, ವಿ, ಡಬ್ಲ್ಯೂಗೆ ಜೋಡಿಸಿ, ಅರ್ತ್ ತಪ್ಪಿಸಬೇಡಿ. ಲೇತಿನ ಹಳೆಯ ಸ್ವಿಚ್ ಡ್ರೈವ್ ಮತ್ತು ಮೋಟಾರಿನ ನಡುವೆ ಉಳಿಯಲೇಬಾರದು: ಓಡುವಾಗ ಅದನ್ನು ಆಫ್ ಮಾಡಿ ಆನ್ ಮಾಡಿದರೆ ಡ್ರೈವ್ ಟ್ರಿಪ್ ಆಗುತ್ತದೆ (ತಾನೇ ನಿಂತುಬಿಡುತ್ತದೆ), ಕೆಲವೊಮ್ಮೆ ಸುಟ್ಟೇಹೋಗುತ್ತದೆ. ಆ ಸ್ವಿಚ್ಚನ್ನು ಡ್ರೈವ್‌ನ ಕಂಟ್ರೋಲ್ ಟರ್ಮಿನಲ್‌ಗೆ ವರ್ಗಾಯಿಸಿ.

ನೇಮ್‌ಪ್ಲೇಟಿನ ಡೆಲ್ಟಾ ಕರೆಂಟ್, ಫ್ರೀಕ್ವೆನ್ಸಿಯನ್ನು ಡ್ರೈವ್‌ನ ಸೆಟ್ಟಿಂಗ್‌ಗಳಲ್ಲಿ ತುಂಬಿಸಿ, ವೇಗವೇರಲು 5 ಸೆಕೆಂಡ್ ಕೊಡಿ. ಭಾರದ ಚಕ್ ಇದ್ದರೆ ನಿಲ್ಲಲೂ ಅಷ್ಟೇ ಸಮಯ ಬೇಕು. ಅವಸರಿಸಿದರೆ ಓವರ್‌ವೋಲ್ಟೇಜ್ ಟ್ರಿಪ್. 20 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚು ಹೊತ್ತು ಓಡಿಸಿದರೆ ಮೋಟಾರಿನ ಫ್ಯಾನ್ ಗಾಳಿ ಸಾಲದೆ ವೈಂಡಿಂಗ್ ಬಿಸಿಯಾಗುತ್ತದೆ. ವೇಗ ತಗ್ಗಿಸಲು ಬೆಲ್ಟ್ ಬದಲಿಸುವುದೇ ಒಳ್ಳೆಯದು, ಬಲವೂ ಹೆಚ್ಚುತ್ತದೆ.

ಕರೆಂಟ್ ತೆಗೆದ ಮೇಲೂ ಡ್ರೈವ್‌ನ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರುತ್ತದೆ. ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಮೀಟರ್‌ನಿಂದ ಅಳೆದ ಮೇಲೆಯೇ ಕೈ ಹಾಕಿ.