ಸಾರ್ವಜನಿಕ ಸ್ಥಳದಲ್ಲಿ ಚಿತ್ರೀಕರಣ: ಅನುಮತಿ ಪಡೆಯುವುದು ಹೇಗೆ?

ಸಿನಿಮಾ, ಧಾರಾವಾಹಿ, ಜಾಹೀರಾತು, ವೆಬ್ ಸರಣಿ ಯಾವುದೇ ಇರಲಿ, ವಾಣಿಜ್ಯ ಉದ್ದೇಶದಿಂದ ರಸ್ತೆಯಲ್ಲೋ ಉದ್ಯಾನದಲ್ಲೋ ಚಿತ್ರೀಕರಣ ನಡೆಸುವವರಿಂದ ಸ್ಥಳೀಯ ಆಡಳಿತಗಳು ಸಾಮಾನ್ಯವಾಗಿ ಮುಂಗಡ ಅರ್ಜಿಯನ್ನು ಕೇಳುತ್ತವೆ. ಆ ಅರ್ಜಿಯನ್ನು ಓದುವ ಅಧಿಕಾರಿಗೆ ನಿಮ್ಮ ಕಥೆಗಿಂತ ಮುಖ್ಯವಾದದ್ದು, ನೀವು ಎಷ್ಟು ಜಾಗವನ್ನು, ಎಷ್ಟು ಹೊತ್ತು, ಎಷ್ಟು ಜನರೊಂದಿಗೆ ಬಳಸುತ್ತೀರಿ ಮತ್ತು ಅಷ್ಟು ಹೊತ್ತು ಅಲ್ಲಿ ದಿನವೂ ಓಡಾಡುವವರು ಏನು ಮಾಡಬೇಕು ಎಂಬ ಪ್ರಶ್ನೆ. ಕಥಾಸಾರಾಂಶಕ್ಕೆ ಪುಟಗಟ್ಟಲೆ ಮೀಸಲಿಟ್ಟು, ಜನರೇಟರ್ ವಾಹನ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಒಂದು ಸಾಲಿನಲ್ಲೂ ತಿಳಿಸದ ಅರ್ಜಿಗಳು ವಿವರಣೆ ಕೋರಿದ ಟಿಪ್ಪಣಿಯೊಂದಿಗೆ ಹಿಂದಿರುಗುವುದು ಇದೇ ಕಾರಣಕ್ಕೆ.

ಅನುಮತಿ ಬೇಕೇ, ಬೇಡವೇ?

ಕೈಯಲ್ಲಿ ಹಿಡಿಯುವ ಕ್ಯಾಮೆರಾದೊಂದಿಗೆ ಒಬ್ಬಿಬ್ಬರು ನಡೆಸುವ ಚಿತ್ರೀಕರಣಕ್ಕೆ ಹಲವು ನಗರಗಳು ಅನುಮತಿ ಕೇಳುವುದಿಲ್ಲ. ವಾಹನ ನಿಲುಗಡೆ ಬೇಕಾದರೆ, ಪಾದಚಾರಿ ಮಾರ್ಗಕ್ಕೆ ಅಡ್ಡಿಯಾದರೆ, ಕ್ಯಾಮೆರಾ ಸರಿಸಲು ಹಾಸುವ ಹಳಿ (ಟ್ರ್ಯಾಕ್), ಕ್ರೇನ್, ದೊಡ್ಡ ದೀಪಗಳು ಬಂದರೆ, ಆಗ ಅನುಮತಿಯ ಮಾತು ಬರುತ್ತದೆ. ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ಚರ್ಚೆಗೆ ನ್ಯೂಯಾರ್ಕ್‌ನ ಅನುಭವ ಒಳ್ಳೆಯ ಉದಾಹರಣೆ. 2005ರಲ್ಲಿ ಅಲ್ಲಿ ಕೈಕ್ಯಾಮೆರಾದಲ್ಲಿ ಚಿತ್ರೀಕರಿಸುತ್ತಿದ್ದ ಭಾರತೀಯ ಸಾಕ್ಷ್ಯಚಿತ್ರ ನಿರ್ದೇಶಕ ರಾಕೇಶ್ ಶರ್ಮಾ ಅವರನ್ನು ಪೊಲೀಸರು ತಡೆದು ಪ್ರಶ್ನಿಸಿದರು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು, ರಾಜಿಯ ಭಾಗವಾಗಿ ನಗರಾಡಳಿತ ಲಿಖಿತ ನಿಯಮ ರೂಪಿಸಲು ಒಪ್ಪಿತು. ಆದರೆ 2007ರ ಮೊದಲ ಕರಡಿನಲ್ಲಿ, ಇಬ್ಬರು ಒಂದೇ ಸ್ಥಳದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕ್ಯಾಮೆರಾ ಬಳಸಿದರೂ ಅನುಮತಿ ಹಾಗೂ ವಿಮೆ ಬೇಕೆಂದಿತ್ತು. ಸಾರ್ವಜನಿಕರ ಪ್ರತಿಭಟನೆಯ ನಂತರ ಅದನ್ನು ಬದಲಿಸಿ, ಕೈಕ್ಯಾಮೆರಾ ಅಥವಾ ಟ್ರೈಪಾಡ್ ಮಾತ್ರ ಇಟ್ಟುಕೊಂಡು, ಜಾಗದ ಮೇಲೆ ಏಕಸ್ವಾಮ್ಯ ಸಾಧಿಸದೆ ಚಿತ್ರೀಕರಿಸುವವರಿಗೆ ಅನುಮತಿ ಬೇಡವೆಂದು ನಿಯಮ ಮಾಡಲಾಯಿತು. ಗಡಿಯಾರ ನೋಡಿ ಅಳೆಯುವ ಮೊದಲಿನ ಮಾನದಂಡಕ್ಕಿಂತ, ಇತರರ ಓಡಾಟಕ್ಕೆ ಆಗುವ ಅಡ್ಡಿಯನ್ನು ಅಳೆಯುವ ಈ ಮಾನದಂಡವೇ ನ್ಯಾಯಯುತವಾದದ್ದು. ನಿಮ್ಮ ಸ್ಥಳೀಯ ಆಡಳಿತದ ನಿಯಮಾವಳಿಯಲ್ಲಿ ಇಂಥ ವಿನಾಯಿತಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಇದ್ದರೆ, ನಿಯಮದ ಆ ಪುಟದ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೊರಡಿ.

ಜಾಗ ಯಾರದ್ದು?

ಒಂದೇ ದೃಶ್ಯದ ಚೌಕಟ್ಟಿನೊಳಗೆ ನಾಲ್ಕಾರು ಒಡೆತನಗಳು ಇರಬಹುದು. ಪಾದಚಾರಿ ಮಾರ್ಗ ನಗರಾಡಳಿತದ್ದು, ಮುಖ್ಯರಸ್ತೆ ಹೆದ್ದಾರಿ ಇಲಾಖೆಯದ್ದು, ಸಂಚಾರ ತಡೆಯುವ ಅಧಿಕಾರ ಪೊಲೀಸರದ್ದು, ಹಿನ್ನೆಲೆಯ ಹಳೆಯ ಕಟ್ಟಡ ಪುರಾತತ್ತ್ವ ಇಲಾಖೆಯದ್ದು, ಮೆಟ್ಟಿಲಿರುವ ಅಂಗಳ ಖಾಸಗಿಯವರದ್ದು. ಡ್ರೋನ್ ಹಾರಿಸಬೇಕಾದರೆ ವಿಮಾನಯಾನ ಪ್ರಾಧಿಕಾರದ ನಿಯಮಗಳು ಪ್ರತ್ಯೇಕವಾಗಿ ಅನ್ವಯಿಸುತ್ತವೆ; ನೆಲದ ಮೇಲಿನ ಅನುಮತಿ ಆಕಾಶಕ್ಕೆ ಸಲ್ಲುವುದಿಲ್ಲ. ಈ ಕಚೇರಿಗಳ ನಡುವಿನ ಅಲೆದಾಟವನ್ನು ತಪ್ಪಿಸಲೆಂದೇ ನ್ಯೂಯಾರ್ಕ್ 1966ರಲ್ಲಿ ಮೇಯರ್ ಜಾನ್ ಲಿಂಡ್ಸೆ ಅವರ ಕಾಲದಲ್ಲಿ ಚಿತ್ರೀಕರಣಕ್ಕಾಗಿ ಪ್ರತ್ಯೇಕ ಕಚೇರಿ ತೆರೆಯಿತು. ಲಾಸ್ ಏಂಜಲೀಸ್‌ನಲ್ಲಿ ಫಿಲ್ಮ್‌ಎಲ್‌ಎ ಎಂಬ ಲಾಭರಹಿತ ಸಂಸ್ಥೆ ಈ ಸಮನ್ವಯದ ಕೆಲಸ ಮಾಡುತ್ತದೆ. ನಿಮ್ಮಲ್ಲಿ ಏಕಗವಾಕ್ಷಿ ವ್ಯವಸ್ಥೆ ಇದ್ದರೂ, ಯಾವ ಯಾವ ಇಲಾಖೆಯ ನಿರಾಕ್ಷೇಪಣಾ ಪತ್ರ ಅದರ ವ್ಯಾಪ್ತಿಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಅರ್ಜಿ ಮತ್ತು ನಕ್ಷೆ

ಅರ್ಜಿಯ ನಮೂನೆಯಲ್ಲಿರುವ ದಿನಾಂಕ, ಸಂಸ್ಥೆಯ ವಿವರ, ಸಂಪರ್ಕ ಸಂಖ್ಯೆಗಳನ್ನು ತುಂಬುವುದು ಕಷ್ಟದ ಕೆಲಸವಲ್ಲ. ಶ್ರಮ ಹಾಕಬೇಕಾದದ್ದು ಅದರ ಜೊತೆಗಿಡುವ ಸ್ಥಳದ ನಕ್ಷೆಗೆ. ಉಪಗ್ರಹ ಚಿತ್ರದ ಮುದ್ರಿತ ಪ್ರತಿಯ ಮೇಲೆ ಬಾಣದ ಗುರುತು ಹಾಕಿ ಕೊಟ್ಟರೆ ಸಾಲದು. ರಸ್ತೆಯ ಅಗಲವನ್ನು ಟೇಪು ಹಿಡಿದು ಅಳೆಯಿರಿ. ಕ್ಯಾಮೆರಾ ಟ್ರ್ಯಾಕ್ ಹಾಸಿದ ಮೇಲೆ ಗಾಲಿಕುರ್ಚಿಯೊಂದು ಸಲೀಸಾಗಿ ಹೋಗುವಷ್ಟು ದಾರಿ ಉಳಿಯುತ್ತದೆಯೇ, ಕೇಬಲ್ ರಸ್ತೆ ದಾಟುವ ಕಡೆ ರಬ್ಬರ್ ಹೊದಿಕೆ ಹಾಕುತ್ತೀರೇ, ಅಗ್ನಿಶಾಮಕ ದಳದ ನೀರಿನ ಕೊಳವೆಯ ಮುಂದೆ ಯಾವ ವಾಹನವೂ ನಿಲ್ಲುವುದಿಲ್ಲವೇ, ಆಂಬುಲೆನ್ಸ್ ಬಂದರೆ ಯಾವ ಕಡೆಯಿಂದ ಒಳಗೆ ಬಿಡುತ್ತೀರಿ, ಇಷ್ಟೂ ನಕ್ಷೆಯಲ್ಲೇ ಕಾಣುವಂತಿರಬೇಕು. ಜನರೇಟರನ್ನು ಮಲಗುವ ಕೋಣೆಗಳ ಕಿಟಕಿಗಳಿಂದ ದೂರವಿಡಿ, ಅದರ ಹೊಗೆ ಯಾವ ದಿಕ್ಕಿಗೆ ಹೋಗುತ್ತದೆಂಬುದನ್ನೂ ಗಮನಿಸಿ. ಲೊಕೇಶನ್ ಮ್ಯಾನೇಜರ್ ಈ ನಕ್ಷೆ ಬರೆಯುವ ಮೊದಲು, ಚಿತ್ರೀಕರಣ ನಡೆಯಲಿರುವ ವಾರದ ಅದೇ ದಿನ, ಅದೇ ಹೊತ್ತಿನಲ್ಲಿ ಆ ಜಾಗದಲ್ಲಿ ನಿಂತು ನೋಡಲೇಬೇಕು. ಭಾನುವಾರ ಖಾಲಿಯಾಗಿ ಕಂಡ ರಸ್ತೆಯಲ್ಲಿ ಸೋಮವಾರ ಬೆಳಿಗ್ಗೆ ಶಾಲಾ ಬಸ್ಸುಗಳ ಸಾಲು ನಿಂತಿರಬಹುದು.

ಕೃತಕ ಮಳೆ, ಬೆಂಕಿ, ಸ್ಫೋಟ, ಸಾಹಸ ದೃಶ್ಯ, ನಕಲಿ ಆಯುಧ, ಪೊಲೀಸ್ ಸಮವಸ್ತ್ರ ಮತ್ತು ಪ್ರಾಣಿಗಳ ಬಳಕೆ ಇದ್ದರೆ ಅದನ್ನು ಪ್ರತ್ಯೇಕವಾಗಿ, ಸ್ಪಷ್ಟವಾಗಿ ನಮೂದಿಸಿ. ದೂರದಿಂದ ನೋಡುವ ದಾರಿಹೋಕರಿಗೆ ಕ್ಯಾಮೆರಾ ಕಾಣದೆ ಬಂದೂಕು ಮಾತ್ರ ಕಂಡರೆ, ನಿಜವಾದ ಪೊಲೀಸರು ನಿಜವಾದ ಆಯುಧಗಳೊಂದಿಗೆ ಬರುತ್ತಾರೆ. ಇದನ್ನು ಮುಚ್ಚಿಟ್ಟು ಪಡೆದ ಅನುಮತಿಯಿಂದ ಜೀವಕ್ಕೇ ಅಪಾಯ.

ವಿಮೆ, ಠೇವಣಿ, ಶುಲ್ಕ

ಈ ಮೂರೂ ಬೇರೆ ಬೇರೆ. ಶುಲ್ಕ ಅರ್ಜಿಯ ಪರಿಶೀಲನೆಗೆ ಅಥವಾ ಜಾಗದ ಬಳಕೆಗೆ ಕೊಡುವಂಥದ್ದು, ಮರಳಿ ಬರುವುದಿಲ್ಲ. ಠೇವಣಿ ಜಾಗವನ್ನು ಮೊದಲಿನಂತೆ ಒಪ್ಪಿಸಿದರೆ ಹಿಂದಿರುಗುತ್ತದೆ. ವಿಮೆ ಮೂರನೆಯವರಿಗೆ ಆಗುವ ಗಾಯ ಅಥವಾ ಆಸ್ತಿ ನಷ್ಟಕ್ಕೆ ಸಂಬಂಧಿಸಿದ್ದು. ನ್ಯೂಯಾರ್ಕ್ ಕನಿಷ್ಠ 10 ಲಕ್ಷ ಡಾಲರ್ ಮೊತ್ತದ ಹೊಣೆಗಾರಿಕೆ ವಿಮೆ ಕೇಳುತ್ತದೆ ಮತ್ತು ಪಾಲಿಸಿಯಲ್ಲಿ ನಗರಾಡಳಿತದ ಹೆಸರೂ ಸೇರಿರಬೇಕು ಎನ್ನುತ್ತದೆ. ಪಾಲಿಸಿಯ ದಿನಾಂಕಗಳಲ್ಲಿ ಸೆಟ್ ಕಟ್ಟುವ ಮತ್ತು ಕಳಚುವ ದಿನಗಳೂ ಸೇರಿವೆಯೇ ಎಂದು ನೋಡಿ. ಏಣಿ, ಕಬ್ಬಿಣದ ಕಂಬಗಳನ್ನು ಹೊತ್ತು ಕೆಲಸಗಾರರು ಓಡಾಡುವುದು ಆ ದಿನಗಳಲ್ಲೇ.

ನೆರೆಹೊರೆಯವರಿಗೆ ತಿಳಿಸುವುದು

ಹಲವು ನಿರ್ಮಾಣ ಸಂಸ್ಥೆಗಳು ಇದನ್ನು ಕಾಟಾಚಾರಕ್ಕೆ ಮುಗಿಸುತ್ತವೆ. ಇದು ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ತೊಂದರೆ ಅನುಭವಿಸುವ ಜನ ಅರ್ಜಿದಾರರೂ ಅಲ್ಲ, ಆ ದಿನದ ಗಳಿಕೆಯಲ್ಲಿ ಪಾಲುದಾರರೂ ಅಲ್ಲ. ಮನೆಮನೆಗೆ ಹಂಚುವ ತಿಳಿವಳಿಕೆ ಪತ್ರದಲ್ಲಿ ‘ಸಹಕರಿಸಿ’ ಎಂಬ ವಿನಂತಿಗಿಂತ ಮೊದಲು ದಿನಾಂಕ, ಆರಂಭದ ಮತ್ತು ಮುಕ್ತಾಯದ ಸಮಯ, ಎಲ್ಲಿ ವಾಹನ ನಿಲ್ಲಿಸಲಾಗದು, ಜೋರಾದ ಶಬ್ದ ಯಾವ ಹೊತ್ತಿಗೆ ಬರುತ್ತದೆ ಎಂಬ ವಿವರ ಇರಲಿ. ದೂರು ಬಂದಾಗ ಚಿತ್ರೀಕರಣದ ಸ್ಥಳದಲ್ಲೇ ನಿಂತು ಫೋನ್ ಎತ್ತುವ ವ್ಯಕ್ತಿಯ ಹೆಸರು, ಸಂಖ್ಯೆ ಅದರಲ್ಲಿರಬೇಕು. ಅಂಗಡಿಯವರಿಗೆ ವ್ಯಾಪಾರದಲ್ಲಿ ನಷ್ಟವಾಗುವಂತಿದ್ದರೆ ಪರಿಹಾರದ ಮೊತ್ತವನ್ನು ಮುಂಚಿತವಾಗಿ ಮಾತನಾಡಿ ಬರಹದಲ್ಲಿ ಇಡಿ. ವಸತಿ ಪ್ರದೇಶದಲ್ಲಿ ರಾತ್ರಿ ಚಿತ್ರೀಕರಣವಿದ್ದರೆ, ನಿವಾಸಿಗಳ ಅಭಿಪ್ರಾಯ ಸಂಗ್ರಹಿಸಿ ಸಲ್ಲಿಸುವಂತೆ ಆಡಳಿತವೇ ಷರತ್ತು ಹಾಕಬಹುದು. ಹಾಕದಿದ್ದರೂ ನೀವಾಗಿಯೇ ಸಂಗ್ರಹಿಸುವುದು ಒಳಿತು.

ಚಿತ್ರೀಕರಣದ ದಿನ ಮತ್ತು ನಂತರ

ಅನುಮತಿ ಪತ್ರ ಕೈಗೆ ಬಂದ ಕೂಡಲೇ ಷರತ್ತುಗಳನ್ನು ಓದಿ, ಅವುಗಳನ್ನು ಕಾಲ್‌ಶೀಟ್‌ನಲ್ಲಿ (ತಂಡದವರಿಗೆ ಹಂಚುವ ಆ ದಿನದ ಕೆಲಸದ ವೇಳಾಪಟ್ಟಿ) ಎಲ್ಲರಿಗೂ ಕಾಣುವಂತೆ ಸೇರಿಸಿ. ಮೂಲ ಪ್ರತಿ ಸ್ಥಳದಲ್ಲೇ ಇರಲಿ. ಪತ್ರದಲ್ಲಿ ರಾತ್ರಿ ಹತ್ತು ಗಂಟೆ ಎಂದಿದ್ದರೆ, ಕೊನೆಯ ವಾಹನ ಹೊರಡುವ ಹೊತ್ತೂ ಅದರಲ್ಲಿ ಸೇರಿದೆಯೋ, ಅಥವಾ ಕ್ಯಾಮೆರಾ ನಿಲ್ಲುವ ಹೊತ್ತು ಮಾತ್ರವೋ ಎಂಬುದನ್ನು ಮುಂಚೆಯೇ ಕೇಳಿ ತಿಳಿದುಕೊಳ್ಳಿ. ಮಳೆ ಬಂದು ದಿನಾಂಕ ಬದಲಾದರೆ ಹಳೆಯ ಅನುಮತಿ ತಾನಾಗಿ ಮುಂದುವರಿಯುವುದಿಲ್ಲ, ಆದ್ದರಿಂದ ಅರ್ಜಿಯಲ್ಲೇ ಬದಲಿ ದಿನವೊಂದನ್ನು ಕೋರುವುದು ಜಾಣತನ.

ಕೆಲಸ ಆರಂಭಿಸುವ ಮೊದಲು ರಸ್ತೆ, ಹುಲ್ಲುಹಾಸು, ಗೋಡೆ, ಬೆಂಚುಗಳ ಸ್ಥಿತಿಯನ್ನು ದಿನಾಂಕ ಸಹಿತ ಫೋಟೊ ತೆಗೆದಿಟ್ಟುಕೊಳ್ಳಿ. ಮುಗಿದ ಮೇಲೆ ಅದೇ ಕೋನಗಳಿಂದ ಮತ್ತೊಮ್ಮೆ ತೆಗೆದು, ಅಂಟಿಸಿದ ಫಲಕಗಳನ್ನು ಕಿತ್ತು, ಕಸ ಸಾಗಿಸಿ, ಅಧಿಕಾರಿಯನ್ನು ಕರೆಸಿ ಜಂಟಿ ಪರಿಶೀಲನೆಯ ವರದಿಗೆ ಸಹಿ ಪಡೆಯಿರಿ. ಠೇವಣಿ ಮರುಪಾವತಿಯ ಅರ್ಜಿಗೆ ಈ ವರದಿಯನ್ನೂ ಎರಡೂ ಬಾರಿಯ ಫೋಟೊಗಳನ್ನೂ ಲಗತ್ತಿಸಬೇಕು.