ಒಂದೇ ಲೆನ್ಸಿನ ಸಂಸಾರ: ಹಳೆಯ 18-140 ಆರಿಸಿಕೊಂಡ ಬಗೆ

ದಿನಬಳಕೆಗೆ ಒಂದು ಜೂಮ್ ಲೆನ್ಸ್ ಬೇಕು ಅಂತ ತೀರ್ಮಾನಿಸಿದ ಮೇಲೆ ನಾನು ವಿಮರ್ಶೆಗಳ ಕಡೆ ಹೋಗಲಿಲ್ಲ. ಮೊದಲು ನನ್ನ ಹಳೆಯ ಫೋಟೋಗಳನ್ನೇ ಲೆಕ್ಕಕ್ಕೆ ಕೂರಿಸಿದೆ. ಎಷ್ಟು ಮಿಲಿಮೀಟರ್ (ಇದೇ ಫೋಕಲ್ ಲೆಂಗ್ತ್; ಅಂಕಿ ಏರಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಯಾವ ಅಪರ್ಚರ್ (ಬೆಳಕು ಒಳಬರುವ ಕಿಂಡಿ), ಎಷ್ಟು ಶಟರ್ ವೇಗ ಎಂಬುದೆಲ್ಲ ಪ್ರತಿ ಡಿಜಿಟಲ್ ಚಿತ್ರದ ಒಳಗೇ ಬರೆದಿರುತ್ತದೆ. ಲೈಟ್‌ರೂಮ್‌ನಲ್ಲಿ ಫಿಲ್ಟರ್ ಹಾಕಿದರೆ ಯಾವ ಫೋಕಲ್ ಲೆಂಗ್ತ್‌ನಲ್ಲಿ ಎಷ್ಟು ಚಿತ್ರ ತೆಗೆದಿದ್ದೀರಿ ಅಂತ ಪಟ್ಟಿಯೇ ಬರುತ್ತದೆ. ದುಡ್ಡು ಕೊಡದೆ ಇದೇ ಕೆಲಸ ಆಗಬೇಕು ಅನ್ನುವವರಿಗೆ ಡಿಜಿಕ್ಯಾಮ್ ಇದೆ.

ನನ್ನ ಬಳಿ ಆಗ ಇದ್ದದ್ದು ನಿಕಾನ್ ಡಿ7200, ಜೊತೆಗೆ 18-55 ಮತ್ತು 55-200 ಎಂಬ ಎರಡು ಅಗ್ಗದ ಜೂಮ್‌ಗಳು. ಪಟ್ಟಿ ನೋಡಿದಾಗ ಗೊತ್ತಾಯಿತು, ಚಿತ್ರಗಳೆಲ್ಲ ಎರಡು ಕಡೆ ಗುಂಪು ಕಟ್ಟಿಕೊಂಡಿದ್ದವು. ಒಂದು ಗುಂಪು 18ರ ಹತ್ತಿರ, ಇನ್ನೊಂದು ಸರಿಯಾಗಿ 55ರಲ್ಲಿ. 55ರಲ್ಲಿ ಅಷ್ಟೊಂದು ಇದ್ದದ್ದು ನನಗೆ 55 ಇಷ್ಟ ಅಂತಲ್ಲ, ಲೆನ್ಸು ಅಲ್ಲಿಗೆ ಮುಗಿಯುತ್ತಿತ್ತು. ಇನ್ನೂ ಸ್ವಲ್ಪ ಮುಂದೆ ಹೋಗಬೇಕು ಅನ್ನಿಸಿದರೂ ರಸ್ತೆಯಲ್ಲಿ ನಿಂತು ಲೆನ್ಸ್ ಬದಲಿಸುವ ಸೋಮಾರಿತನ. ಜಾತ್ರೆಯ ಧೂಳಿನಲ್ಲಂತೂ ಕ್ಯಾಮೆರಾದ ಬಾಯಿ ತೆರೆಯಲು ಧೈರ್ಯವೂ ಬರುವುದಿಲ್ಲ. 55-200ರಲ್ಲಿ ತೆಗೆದವುಗಳಲ್ಲಿ ಬಹುಪಾಲು 130ರ ಒಳಗೇ ಇದ್ದವು. 200ರಲ್ಲಿ ಇದ್ದದ್ದು ಒಂದಷ್ಟು ಹಕ್ಕಿಗಳು, ಅವೂ ಕಾಳಿನಷ್ಟು ಗಾತ್ರದವು. ಹಕ್ಕಿ ತೆಗೆಯಲು ಅದು ಸಾಲುವುದಿಲ್ಲ, ಬೇರೆ ಯಾವುದಕ್ಕೂ ಅಷ್ಟು ಬೇಕಿಲ್ಲ.

ಇಷ್ಟು ಗೊತ್ತಾದ ಮೇಲೆ ಆಯ್ಕೆ ಸುಲಭವಾಯಿತು. 16-80 ಎಫ್ 2.8-4 (ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಒಳ್ಳೆಯ ಲೆನ್ಸು, ಬೆಲೆ ನನ್ನದಲ್ಲ. ಸಿಗ್ಮಾದ 17-50 ಎಫ್ 2.8 ಬೆಳಕಿನ ವಿಷಯದಲ್ಲಿ ಉದಾರಿ, ಆದರೆ 50ಕ್ಕೇ ನಿಲ್ಲುತ್ತದೆ. ನನ್ನ ತೊಂದರೆ ಶುರುವಾಗುವುದೇ ಅಲ್ಲಿಂದ. 18-300 ತರಹದವು ಅತಿಯಾಸೆ. ಜೂಮಿನ ವ್ಯಾಪ್ತಿ ಹಿಗ್ಗಿದಷ್ಟೂ ಅದನ್ನು ಕಟ್ಟುವವರು ಬೇರೆ ಎಲ್ಲೋ ರಾಜಿ ಮಾಡಿಕೊಂಡಿರುತ್ತಾರೆ, ತೂಕವೂ ಏರುತ್ತದೆ. 2008ರಲ್ಲಿ ಡಿ90 ಜೊತೆ ಬಂದ 18-105 ಹಗುರ, 420 ಗ್ರಾಂ. ಅದರ ಮೌಂಟ್ (ಕ್ಯಾಮೆರಾಗೆ ಕೂರುವ ಬಳೆ) ಪ್ಲಾಸ್ಟಿಕ್‌ನದು. ಕೊನೆಗೆ ಉಳಿದದ್ದು 2013ರ 18-140 ಎಫ್ 3.5-5.6 ವಿಆರ್ (ಕೈ ನಡುಕ ತಡೆಯುವ ವ್ಯವಸ್ಥೆ ಇರುವುದು). ತೂಕ 490 ಗ್ರಾಂ, ಲೋಹದ ಮೌಂಟ್, 67 ಮಿಲಿಮೀಟರ್ ಫಿಲ್ಟರ್. ಡಿಎಕ್ಸ್, ಅಂದರೆ ನಿಕಾನ್‌ನ ಚಿಕ್ಕ ಸೆನ್ಸರ್ ಮೇಲೆ ಅದು ಫುಲ್‌ಫ್ರೇಮ್ ಲೆಕ್ಕದಲ್ಲಿ ಸುಮಾರು 27ರಿಂದ 210. ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಹಾರಿದವರು ಇದನ್ನು ಬಿಟ್ಟು ಹೋಗುವುದರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. (ಮಿರರ್‌ಲೆಸ್ ಇರುವವರಿಗೆ 2021ರಲ್ಲಿ ಇದೇ ವ್ಯಾಪ್ತಿಯ ಜೆಡ್ ಮೌಂಟ್ ಲೆನ್ಸ್ ಬಂದಿದೆ, 315 ಗ್ರಾಂ ಅಷ್ಟೇ. ಹೊಟ್ಟೆಕಿಚ್ಚು ಆಗುತ್ತದೆ.)

ಮಾದರಿ ಆರಿಸುವುದು ಅರ್ಧ ಕೆಲಸ. ನಮ್ಮ ಕೈಗೆ ಬರುವ ಪೀಸ್ ಹೇಗಿದೆ ಎಂಬುದು ಉಳಿದರ್ಧ, ಮತ್ತು ನನ್ನ ಪ್ರಕಾರ ಅದೇ ದೊಡ್ಡ ಅರ್ಧ. ನಿಕಾನ್ ತನ್ನ ಲೆನ್ಸ್‌ಗಳ ಜೊತೆ ಕೊಡುವ ಎಂಟಿಎಫ್ (ಲೆನ್ಸ್ ಎಷ್ಟು ಸ್ಪಷ್ಟ ಎಂದು ತೋರಿಸುವ) ಗ್ರಾಫ್ ವಿನ್ಯಾಸದಿಂದ ಲೆಕ್ಕ ಹಾಕಿ ಬಿಡಿಸಿದ್ದು, ಅಂಗಡಿಯ ಕಪಾಟಿನಲ್ಲಿ ಕೂತ ಲೆನ್ಸನ್ನು ಅಳೆದು ಬಿಡಿಸಿದ್ದಲ್ಲ. 18-140ರ ಒಳಗೆ 12 ಗುಂಪುಗಳಲ್ಲಿ 17 ಗಾಜುಗಳಿವೆ. ಜೂಮ್ ತಿರುಗಿಸಿದಾಗ ಗುಂಪುಗಳು ಒಂದರ ಹಿಂದೆ ಒಂದು ಸರಿದಾಡುತ್ತವೆ. ಬಿದ್ದೋ ಬಡಿದೋ ಅವುಗಳಲ್ಲಿ ಒಂದು ಕೂದಲೆಳೆಯಷ್ಟು ಓರೆಯಾದರೂ ಚಿತ್ರದ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು. ಇದಕ್ಕೆ ಡಿಸೆಂಟರಿಂಗ್ ಅನ್ನುತ್ತಾರೆ. ಹಳೆಯ ಲೆನ್ಸ್ ಕೊಳ್ಳುವವರು ಹೆದರಬೇಕಾದದ್ದು ಇದಕ್ಕೆ ಮತ್ತು ಫಂಗಸ್‌ಗೆ. ಒಳಗೆ ಕಾಣುವ ನಾಲ್ಕು ಧೂಳಿನ ಕಣಗಳಿಗಲ್ಲ.

ಅಂಗಡಿಗೆ ಹೋಗುವಾಗ ನನ್ನದೇ ಬಾಡಿ, ನನ್ನದೇ ಮೆಮೊರಿ ಕಾರ್ಡು ತೆಗೆದುಕೊಂಡು ಹೋದೆ. ಟಾರ್ಚ್‌ಗೆ ಮೊಬೈಲ್ ಇದ್ದೇ ಇತ್ತು. ಅಂಗಡಿಯವರು ಲೆನ್ಸ್ ಕೈಗಿಡುತ್ತಲೇ, "ಒಳ್ಳೆ ಪೀಸ್ ಸಾರ್, ಡಾಕ್ಟ್ರು ಇಟ್ಕೊಂಡಿದ್ದು, ಜಾಸ್ತಿ ಯೂಸೇ ಮಾಡಿಲ್ಲ" ಅಂದರು. ಸೆಕೆಂಡ್ ಹ್ಯಾಂಡ್ ಕಾರಾಗಲಿ ಕ್ಯಾಮೆರಾ ಆಗಲಿ, ನಮ್ಮ ಕಡೆ ಹಿಂದಿನ ಮಾಲೀಕರು ಯಾವಾಗಲೂ ಡಾಕ್ಟರೇ.

ಎರಡೂ ಕ್ಯಾಪ್ ತೆಗೆದು, ಹಿಂದಿನಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿದೆ, ಆಮೇಲೆ ಬೆಳಕು ಮುಂದಿನಿಂದ, ಕಣ್ಣು ಹಿಂದಿನಿಂದ. ಫಂಗಸ್ ಇದ್ದರೆ ಬಿಳಿಯ ಸಣ್ಣ ಎಳೆಗಳು ಕವಲೊಡೆದು ಹಬ್ಬಿರುತ್ತವೆ, ಹೆಚ್ಚಾಗಿ ಗಾಜಿನ ಅಂಚಿನಿಂದ ಒಳಗೆ. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲವಿಡೀ ಚರ್ಮದ ಬ್ಯಾಗಿನಲ್ಲಿ ಮುಚ್ಚಿಟ್ಟ ಲೆನ್ಸ್‌ಗಳಲ್ಲಿ ಇದು ಮಾಮೂಲಿ. ಬಿಟ್ಟರೆ ಗಾಜಿನ ಕೋಟಿಂಗನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಕಲೆ ಹೋಗುವುದಿಲ್ಲ. ಗಾಜೆಲ್ಲ ತೆಳುವಾಗಿ ಮಂಜು ಹಿಡಿದಂತೆ ಕಂಡರೂ ಬೇಡ. ಮುಂದಿನ ಗಾಜಿನ ಮೇಲೆ ಒಂದು ಸಣ್ಣ ಗೀರಿದ್ದರೆ ನಾನು ಚೌಕಾಸಿಗೆ ಬಳಸಿಕೊಳ್ಳುತ್ತೇನೆಯೇ ಹೊರತು ಬಿಡುವುದಿಲ್ಲ; ಅದು ಚಿತ್ರದಲ್ಲಿ ಕಾಣುವುದೇ ಅಪರೂಪ. ಹಿಂದಿನ ಗಾಜಿನ ಗೀರು ಹಾಗಲ್ಲ.

ಮೌಂಟ್ ಪಕ್ಕದಲ್ಲಿ ಒಂದು ಪುಟ್ಟ ಲಿವರ್ ಇದೆ, ಅಪರ್ಚರ್ ಬ್ಲೇಡ್‌ಗಳನ್ನು ಆಡಿಸುವುದು ಅದೇ. ಬೆರಳಿನಿಂದ ತಳ್ಳಿ ಬಿಟ್ಟರೆ ಪಟ್ಟನೆ ಹಿಂದಕ್ಕೆ ಬರಬೇಕು. ನಿಧಾನಕ್ಕೆ ಬಂದರೆ ಬ್ಲೇಡ್‌ಗೆ ಎಣ್ಣೆ ಹತ್ತಿದೆ ಎಂದರ್ಥ. ಮೌಂಟ್‌ನ ಸ್ಕ್ರೂ ತಲೆಗಳು ಉಜ್ಜಿಹೋಗಿದ್ದರೆ ಯಾರೋ ಬಿಚ್ಚಿದ್ದಾರೆ. ಆಮೇಲೆ 140ಕ್ಕೆ ತಿರುಗಿಸಿ, ಹೊರಬಂದ ಕೊಳವೆಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿದೆ. ಕೊಂಚ ಆಟ ಎಲ್ಲದರಲ್ಲೂ ಇರುತ್ತದೆ, ಲಟಲಟ ಅನ್ನಬಾರದು. ವಿಆರ್ ಆನ್ ಮಾಡಿ ಶಟರ್ ಅರ್ಧ ಒತ್ತಿದಾಗ ಬರುವ ಸಣ್ಣ ಗುಂಯ್ ಸದ್ದಿಗೆ ಹೆದರಬೇಡಿ, ಅದರ ಕೆಲಸವೇ ಅದು.

ಕೊನೆಗೆ ಅಂಗಡಿಯ ಬಾಗಿಲಲ್ಲಿ ನಿಂತು ಎದುರುಗಡೆ ಕಟ್ಟಡದ ಗೋಡೆಗೆ ಒಂದಷ್ಟು ಕ್ಲಿಕ್ಕಿಸಿ ನಾಲ್ಕು ಮೂಲೆಗಳನ್ನೂ ಕ್ಯಾಮೆರಾದ ಪರದೆಯಲ್ಲೇ ಹಿಗ್ಗಿಸಿ ನೋಡಿದೆ. ಅಲ್ಲೇ ಬೇರೆ ಕಂಪನಿಯ ಇದೇ ಬಗೆಯ ಇನ್ನೊಂದು ಜೂಮ್ ಕೂಡ ಇತ್ತು, ಬೆಲೆ ಇನ್ನೂ ಕಡಿಮೆ. ಅದರಲ್ಲಿ 18ರಲ್ಲಿ ಬಲಬದಿ ಕರಗಿಹೋಗಿತ್ತು, ಎಫ್ 8ಕ್ಕೆ ಇಳಿಸಿದರೂ ಸರಿಹೋಗಲಿಲ್ಲ. ಯಾರ ಕೈಯಿಂದಲೋ ಬಿದ್ದದ್ದಿರಬೇಕು. ತೋರಿಸಿದರೆ, "ಅಷ್ಟೊಂದು ಜೂಮ್ ಮಾಡಿ ನೋಡಿದ್ರೆ ಯಾವ ಲೆನ್ಸೂ ನಿಲ್ಲಲ್ಲ ಸಾರ್" ಅಂದರು. ಆ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಮೂಲೆಗಳು ನಡುವಿನಷ್ಟು ಚೆನ್ನಾಗಿ ಇರುವುದಿಲ್ಲ, ಇಷ್ಟು ದುಡ್ಡಿಗೆ ಇರಲೂಬೇಕಿಲ್ಲ. ಆದರೆ ನಾಲ್ಕೂ ಮೂಲೆ ಸಮನಾಗಿ ಮಸುಕಾದರೆ ಅದು ಲೆನ್ಸಿನ ಗುಣ. ಒಂದೇ ಬದಿ ಮಸುಕಾದರೆ ಅದು ಆ ಪೀಸಿನ ರೋಗ. 18-140ರಲ್ಲಿ ನಾಲ್ಕೂ ಸಮ ಕಂಡವು. ಒಂದು ವಾರದೊಳಗೆ ವಾಪಸ್ ತರಬಹುದು ಎಂದು ಬಿಲ್ ಮೇಲೆಯೇ ಬರೆಸಿಕೊಂಡು ತಂದೆ.

ಆ ವಾರದಲ್ಲಿ ಕಾಂಪೌಂಡ್ ಗೋಡೆ ನನ್ನ ಪ್ರಯೋಗಶಾಲೆ. ಸಿಮೆಂಟ್ ಬಳಿಯದ ಇಟ್ಟಿಗೆ ಗೋಡೆಯಾದರೆ ಉತ್ತಮ. ಕ್ಯಾಮೆರಾ ಗೋಡೆಗೆ ನೇರವಾಗಿ ಇರದಿದ್ದರೆ ಲೆನ್ಸಿನ ಮೇಲೆ ಸುಳ್ಳು ಆರೋಪ ಹೊರಿಸಿದಂತಾಗುತ್ತದೆ. ಅದಕ್ಕೊಂದು ಉಪಾಯ: ಗೋಡೆಗೆ ಚಪ್ಪಟೆಯಾಗಿ ಒಂದು ಸಣ್ಣ ಕನ್ನಡಿ ಅಂಟಿಸಿ, ವ್ಯೂಫೈಂಡರ್‌ನ ನಡುವಿಗೆ ಸರಿಯಾಗಿ ಲೆನ್ಸಿನದೇ ಪ್ರತಿಬಿಂಬ ಬರುವಂತೆ ಟ್ರೈಪಾಡ್ ಹೊಂದಿಸಿ. ಆಮೇಲೆ ಕನ್ನಡಿ ತೆಗೆದುಬಿಡಿ. ವಿಆರ್ ಆಫ್, ಟೈಮರ್ ಆನ್, ಫೋಕಸ್ ಲೈವ್ ವ್ಯೂನಲ್ಲಿ. 18, 35, 70, 140. ಪ್ರತಿಯೊಂದರಲ್ಲೂ ಪೂರ್ತಿ ತೆರೆದ ಅಪರ್ಚರ್, ಆಮೇಲೆ 8, 11, 16.

ಕಂಡದ್ದು ಇಷ್ಟು. ನಡುಭಾಗ ಪೂರ್ತಿ ತೆರೆದಾಗಲೂ ಚೆನ್ನ. 18ರಲ್ಲಿ ಎಫ್ 3.5ಕ್ಕೆ ಮೂಲೆಗಳು ಮೆತ್ತಗೆ ಮತ್ತು ಸ್ವಲ್ಪ ಕಪ್ಪು, 8ಕ್ಕೆ ಬಂದಾಗ ಬಹುಮಟ್ಟಿಗೆ ಚೇತರಿಸಿಕೊಂಡವು. 140ರಲ್ಲಿ ತೆರೆದಾಗ ಕೊಂಚ ಮಂಕು, 8ರಲ್ಲಿ ಲಕ್ಷಣವಾಗಿದೆ. 11ರ ಆಚೆ ಎಲ್ಲ ಕಡೆಯೂ ಮತ್ತೆ ಮೆತ್ತಗಾಗುತ್ತ ಹೋಗುತ್ತದೆ. ಅದು ಲೆನ್ಸಿನ ತಪ್ಪಲ್ಲ. ಚಿಕ್ಕ ಕಿಂಡಿಯಲ್ಲಿ ಬೆಳಕು ಬಾಗಿ ಹರಡುವುದರಿಂದ 24 ಮೆಗಾಪಿಕ್ಸೆಲ್ ಡಿಎಕ್ಸ್ ಸೆನ್ಸರ್‌ನಲ್ಲಿ ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಹಾಗೆಯೇ. ಇಟ್ಟಿಗೆ ಸಾಲುಗಳು 18ರಲ್ಲಿ ಹೊಟ್ಟೆ ಬಂದಂತೆ ಹೊರಕ್ಕೆ ಉಬ್ಬುತ್ತವೆ, ಮುಂದಕ್ಕೆ ಹೋದಂತೆ ಒಳಕ್ಕೆ ಬಾಗುತ್ತವೆ. ಕ್ಯಾಮೆರಾದಲ್ಲೇ ಆಟೋ ಡಿಸ್ಟಾರ್ಷನ್ ಕಂಟ್ರೋಲ್ ಇದೆ, ಆನ್ ಮಾಡಿಟ್ಟರೆ ಜೆಪೆಗ್ ನೆಟ್ಟಗೆ ಬರುತ್ತದೆ. ರಾ (ಕ್ಯಾಮೆರಾ ಸಂಸ್ಕರಿಸದೆ ಬಿಟ್ಟ) ಫೈಲ್‌ಗೆ ಲೈಟ್‌ರೂಮ್‌ನ ಲೆನ್ಸ್ ಪ್ರೊಫೈಲ್ ಸಾಕು. ಅಂಚು ಸ್ವಲ್ಪ ಕತ್ತರಿಸಿಹೋಗುತ್ತದೆ, ಆದ್ದರಿಂದ ಗುಂಪು ಫೋಟೋದಲ್ಲಿ ಯಾವ ದೊಡ್ಡಮ್ಮನನ್ನೂ ತೀರಾ ತುದಿಗೆ ನಿಲ್ಲಿಸುವುದಿಲ್ಲ.

ಇಲ್ಲೊಂದು ಮಾತು. ಈಗ ಅಗಲ ನೋಟದ ಚಿತ್ರಗಳನ್ನು ಮೊಬೈಲೇ ಚೆನ್ನಾಗಿ ತೆಗೆಯುತ್ತದೆ. ಹಾಗಾಗಿ ಈ ಬಗೆಯ ಲೆನ್ಸ್ ತೂಗುವಾಗ ನಾನು 18ರ ಮೂಲೆಗಳಿಗೆ ಕೊಡುವ ಅಂಕ ಕಡಿಮೆ, 50ರಿಂದ 140ಕ್ಕೆ ಕೊಡುವುದು ಜಾಸ್ತಿ. ಮಗುವಿನ ಮುಖ, ಹೂವಿನಂಗಡಿಯವರ ಕೈ, ಗೋಪುರದ ಮೇಲಿನ ಒಂದು ಗೊಂಬೆ ಇವೆಲ್ಲ ಅಲ್ಲಿವೆ. ವಿಮರ್ಶೆಗಳು ಹೆಚ್ಚು ಜರೆಯುವುದು ಅಗಲದ ತುದಿಯನ್ನು. ನನ್ನ ಪಟ್ಟಿಯ ಪ್ರಕಾರ ನನಗೆ ಬೇಕಾಗಿದ್ದದ್ದು ಇನ್ನೊಂದು ತುದಿ.

ಗೋಡೆ ಹೇಳದ ಸಂಗತಿಗಳಿಗೆ ಸೋಮನಾಥಪುರಕ್ಕೆ ಹೋದೆ. ಮೈಸೂರಿನವರಿಗೆ ಅದು ಹತ್ತಿರ, ಮತ್ತು ಲೆನ್ಸ್ ಪರೀಕ್ಷೆಗೆ ಅಂಥ ಜಾಗ ಇನ್ನೊಂದಿಲ್ಲ. 13ನೇ ಶತಮಾನದ ಹೊಯ್ಸಳ ಗುಡಿ, 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಹೊರಗೋಡೆಯ ಆನೆಸಾಲು, ಕುದುರೆಸಾಲುಗಳಲ್ಲಿ ಬಳಪದ ಕಲ್ಲಿನ ಕೆತ್ತನೆ ಎಷ್ಟು ಸೂಕ್ಷ್ಮ ಎಂದರೆ ಲೆನ್ಸಿನ ಶಕ್ತಿ ಅಲ್ಲೇ ಬಯಲಾಗುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ 100ರ ಆಸುಪಾಸು, ಎಫ್ 8. ಆನೆಯ ಕೊರಳ ಗಂಟೆಸರ ಬಿಡಿಬಿಡಿಯಾಗಿ ಬಂತು. ಅಂಗಳದ ಸುತ್ತಲಿನ ಕಂಬಗಳ ಮೊಗಸಾಲೆಯನ್ನು 18ರಲ್ಲಿ ತೆಗೆದರೆ, ತಿದ್ದದೆ ಬಿಟ್ಟ ಚಿತ್ರದಲ್ಲಿ ಅದರ ಸೂರು ಬಿಲ್ಲಿನಂತೆ ಬಾಗಿತ್ತು.

ಒಳಗೆ ಕತ್ತಲೆ. ಭುವನೇಶ್ವರಿಗಳನ್ನು (ಕೆತ್ತನೆಯ ಒಳಛಾವಣಿಗಳನ್ನು) ತಲೆಯೆತ್ತಿ ತೆಗೆಯಬೇಕು, ಪುರಾತತ್ತ್ವ ಇಲಾಖೆಯ ಜಾಗವಾದ್ದರಿಂದ ಅನುಮತಿ ಇಲ್ಲದೆ ಟ್ರೈಪಾಡ್ ಇಲ್ಲ. ವಿಆರ್‌ನ ಬೆಲೆ ತಿಳಿಯುವುದು ಇಂಥಲ್ಲಿ. ನಿಕಾನ್ ಹೇಳುವುದು ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ನಾನು ಮೂರು ಅಂತ ಇಟ್ಟುಕೊಳ್ಳುತ್ತೇನೆ. 18ರಲ್ಲಿ ಕಂಬಕ್ಕೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು 1/8 ಸೆಕೆಂಡಿಗೆ ಸಾಲಾಗಿ ನಾಲ್ಕೈದು ತೆಗೆದರೆ ಒಂದೆರಡಾದರೂ ನಿಶ್ಚಲವಾಗಿ ಸಿಗುತ್ತವೆ. ಕಲ್ಲು ಅಲ್ಲಾಡುವುದಿಲ್ಲ, ಅಲ್ಲಾಡುವವನು ನಾನು. ವಿಆರ್ ತಡೆಯುವುದು ಅದನ್ನಷ್ಟೇ.

ಎದುರಿನ ವ್ಯಕ್ತಿ ಅಲ್ಲಾಡಿದರೆ ವಿಆರ್ ಕೈಕಟ್ಟಿ ಕೂರುತ್ತದೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಬೆಳಗ್ಗೆ 1/125 ಸೆಕೆಂಡು, ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 1600ಕ್ಕೆ ಹೇಗೋ ನಡೆಯಿತು. ರಾತ್ರಿ ಯಕ್ಷಗಾನದಲ್ಲಿ ನಡೆಯಲಿಲ್ಲ. ವೇಷ ಧೀಂಗಿಣ ಹಾಕುವಾಗ 1/250ಕ್ಕಿಂತ ಕೆಳಗಿಳಿದರೆ ಗೆಜ್ಜೆ, ಕೈ ಎಲ್ಲ ಗೆರೆಗಳಾಗುತ್ತವೆ. 140ರಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯದ ಲೆನ್ಸು ಐಎಸ್ಒ 6400 ಕೇಳಿತು. ಆ ಕಿರೀಟದ ಕುಸುರಿಯೆಲ್ಲ ಕಾಳುಕಾಳಾದ ನಾಯ್ಸ್‌ನಲ್ಲಿ ಕಲಸಿಹೋಯಿತು. ಅಗ್ಗದ ಜೂಮಿನ ನಿಜವಾದ ಮಿತಿ ಇದೇ, ಶಾರ್ಪ್‌ನೆಸ್ ಅಲ್ಲ. ಇದಕ್ಕೆ ಹೆಚ್ಚು ದುಡ್ಡಿನ ಜೂಮ್ ಹುಡುಕುವ ಬದಲು 35 ಎಂಎಂ ಎಫ್ 1.8 ಡಿಎಕ್ಸ್ ಲೆನ್ಸ್ ಹುಡುಕಿಕೊಂಡೆ. 200 ಗ್ರಾಂ ತೂಕ, 5.6ಕ್ಕಿಂತ ಮೂರು ಸ್ಟಾಪಿಗೂ ಹೆಚ್ಚು ಬೆಳಕು. ದೂರದಿಂದ ಮುಖ ಸಿಗುವುದಿಲ್ಲ, ರಂಗಸ್ಥಳದ ಹತ್ತಿರ ಜಾಗ ಹಿಡಿಯಬೇಕು. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ತೆಗೆಯಲು ಅದಕ್ಕಿಂತ ಬೇರೇನೂ ಬೇಡ.

18-140 ಮುಂಚಿನಂತೆ ಹಗಲಿನ ಕೆಲಸಕ್ಕೆ. 45 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗಬಹುದು, 140ರಲ್ಲಿ ಸುಮಾರು 10 ಸೆಂಟಿಮೀಟರ್ ಅಗಲದ ವಸ್ತು ಫ್ರೇಮ್ ತುಂಬುತ್ತದೆ. ಸೇವಂತಿಗೆಗೆ ಸಾಕು, ಇರುವೆಗೆ ಸಾಲದು. ಮಳೆಗಾಲದಲ್ಲಿ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಿಲಿಕಾ ಜೆಲ್, ಒಂದು ಅಗ್ಗದ ತೇವಾಂಶ ಮೀಟರ್ ಜೊತೆ ಇಡುತ್ತೇನೆ. ಮುಳ್ಳು 50ರ ಮೇಲೆ ಹೋದರೆ ಜೆಲ್ ಬಿಸಿ ಮಾಡಿ ಒಣಗಿಸುವ ಸಮಯ. 55-200 ಮಾರಿ ಬಂದ ದುಡ್ಡು 35ಕ್ಕೆ ಹೋಯಿತು. 18-55 ಕೊಳ್ಳುವವರು ಸಿಗಲಿಲ್ಲ, ಅಕ್ಕನ ಮಗ ತನ್ನ ಹಳೆಯ ಕ್ಯಾಮೆರಾಗೆ ಹಾಕಿಕೊಂಡು ಓಡಾಡುತ್ತಿದ್ದಾನೆ.